ಮೆಟ್ಟಿಲ ಮೇಲಿನ ಕೀಲಿಕೈ

ನೀರಿನ ಸುದ್ದಿ ಬರುವ ಹಿಂದಿನ ದಿನ ನಾನೂ ನನ್ನ ಅಣ್ಣ ಮರೆಪ್ಪನೂ ಅಂಗಡಿಯಲ್ಲಿ ಕುಳಿತು ಒಂದು ಮೋಟಾರು ಕಟ್ಟುತ್ತಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಹಾಪುರದ ಬಜಾರಿನ ಒಂದು ಮಳಿಗೆ ಸಾಲಿನ ಕೊನೆಯಲ್ಲಿ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಹೊಲದ ಪಂಪಿನ ಮೋಟಾರು ಸುಟ್ಟರೆ ಒಳಗಿನ ಕರಕಲಾದ ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿಯನ್ನು ಕಟ್ಟಿಗೆಯ ಅಚ್ಚಿನ ಮೇಲೆ ಸುತ್ತಿ, ಆ ಸುರುಳಿಗಳನ್ನು ಮೋಟಾರಿನೊಳಗೆ ಕೂಡಿಸಿ, ವಾರ್ನಿಷ್ ಬಿಟ್ಟು ಒಣಗಿಸುವುದು ನಮ್ಮ ಕೆಲಸ. ಸುತ್ತುಗಳ ಲೆಕ್ಕ ತಪ್ಪಬಾರದು. ಕಡಿಮೆಯಾದರೆ ಮೋಟಾರು ಕಾಯ್ದು ಮತ್ತೆ ಸುಡುತ್ತದೆ, ಹೆಚ್ಚಾದರೆ ನೀರೆಳೆಯುವ ಬಲ ಬರುವುದಿಲ್ಲ. ಅದಕ್ಕಾಗಿ ನಾನು ಹ್ಯಾಂಡಲ್ ತಿರುಗಿಸುತ್ತಿದ್ದೆ, ಅಣ್ಣ ಗಟ್ಟಿಯಾಗಿ ಎಣಿಸುತ್ತಿದ್ದ. ಎಣಿಕೆ ಬಿಡದೆಯೇ ಗಿರಾಕಿಗಳನ್ನೂ ಮಾತಾಡಿಸುತ್ತಿದ್ದ.

“ನಲವತ್ತೊಂದು, ಬರ್ರಿ ಕಾಕಾ, ನಲವತ್ತೆರಡು, ಕುಂದರ್ರಿ, ನಲವತ್ತಮೂರು, ಮತ್ತ ಸುಟ್ಕೊಂಡು ಬಂದೀರೇನ್ರಿ, ನಲವತ್ನಾಕು.”

ನಮ್ಮ ಬಾಗಿಲಿನಿಂದ ಊರಿನ ಗುಡ್ಡ ಕಾಣುತ್ತಿತ್ತು. ಬುದ್ಧ ಮಲಗಿದ ಹಾಗೆ ಅದರ ಆಕಾರ. ನಮ್ಮದು ಮುದನಾಳ ಹಳ್ಳಿಯ ದಲಿತ ಬೌದ್ಧ ಮನೆತನ. ಬೆಳಿಗ್ಗೆ ಬಾಗಿಲು ತೆಗೆದಾಗ ಅಣ್ಣ ಆ ಕಡೆ ಕೈ ಮುಗಿದು, “ನೀ ಮಕ್ಕೊಂಡಿರು ತಂದಿ, ನಾವು ಎದ್ದೀವಿ” ಅನ್ನುತ್ತಿದ್ದ. ಅವತ್ತೂ ಅಂದಿದ್ದ.

ಮರುದಿನ ಸುದ್ದಿ ಬಂತು. ಅಣೆಕಟ್ಟೆಯಲ್ಲಿ ನೀರು ಸಾಲದು, ಎರಡನೇ ಬೆಳೆಗೆ ಎಡದಂಡೆ ಕಾಲುವೆಗೆ ಬಿಡುವುದಿಲ್ಲ.

ಕಾಲುವೆ ಕಾಣದವರಿಗೆ ಇದರ ಅರ್ಥ ಹೇಳಬೇಕು. ಹಿಂದೆ ಕಾಲುವೆಯ ನೀರು ಬಂದ ಮೇಲೆ ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಆಂಧ್ರದ ಕಡೆಯವರು ಬಂದು ಭೂಮಿ ಗುತ್ತಿಗೆ ಹಿಡಿದು ಅಲ್ಲಲ್ಲಿ ಕ್ಯಾಂಪು ಹಾಕಿಕೊಂಡಿದ್ದರು. ಅವರ ಗೊಬ್ಬರ, ಔಷಧಿ, ಬಟ್ಟೆ, ಊಟ, ರಿಪೇರಿ ಎಲ್ಲದರಿಂದ ನಮ್ಮ ಬಜಾರು ಬದುಕುತ್ತಿತ್ತು. ಗದ್ದೆ ಏರಿದ ಹಾಗೆ ಮಳಿಗೆಗಳ ಬಾಡಿಗೆಯೂ ಏರಿತ್ತು. ಸುದ್ದಿ ಬಂದ ಮೇಲೆ ಕ್ಯಾಂಪಿನವರು ಸಾಮಾನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೊರಟರು. ಬಜಾರಿನಲ್ಲಿ ಮಧ್ಯಾಹ್ನವೇ ಬಾಗಿಲು ಎಳೆಯತೊಡಗಿದರು. ಬಾಡಿಗೆ ಮಾತ್ರ ಏರಿದಲ್ಲಿಯೇ ನಿಂತಿತ್ತು.

ನಮ್ಮ ಸಾಲಿನ ಐದೂ ಮಳಿಗೆಗಳು ಒಬ್ಬರೇ ಸಾಹುಕಾರರವು. ಅವರು ಕೆಟ್ಟವರೆಂದು ಆಗಲೂ ನಾನು ಹೇಳಿದವನಲ್ಲ, ಈಗಲೂ ಹೇಳುವುದಿಲ್ಲ. ಬಜಾರಿನಲ್ಲಿ ನಮ್ಮ ಜನಕ್ಕೆ ಯಾರೂ ಅಂಗಡಿ ಕೊಡದಿದ್ದ ಕಾಲದಲ್ಲಿ ಅಣ್ಣನ ಕೈಗೆಲಸ ನೋಡಿ ಅವರು ಕೊಟ್ಟಿದ್ದರು. ಆದರೆ ಕೊಡುವ ರೀತಿ ಒಂದಿತ್ತು. ಅವರು ನಮ್ಮ ಬಾಗಿಲೊಳಗೆ ಕಾಲಿಡುತ್ತಿರಲಿಲ್ಲ. ಬಾಡಿಗೆಯನ್ನು ನಾವು ಹೊರಗಿನ ಹಾಸುಗಲ್ಲಿನ ಮೇಲೆ ಇಡುತ್ತಿದ್ದೆವು, ಅವರು ಎತ್ತಿಕೊಳ್ಳುತ್ತಿದ್ದರು. ಅವರು ಕೊಡುವುದಿದ್ದರೂ ಅದೇ ಕಲ್ಲಿನ ಮೇಲೆ ಇಟ್ಟು ಸರಿಯುತ್ತಿದ್ದರು, ನಾವು ಎತ್ತಿಕೊಳ್ಳುತ್ತಿದ್ದೆವು. ಯಾರೂ ಯಾರಿಗೂ ಹೀಗೇ ಎಂದು ಹೇಳಿರಲಿಲ್ಲ. ಕೆಲಸ ನಡೆಯುತ್ತಿತ್ತು, ನಾವೂ ಸುಮ್ಮನಿದ್ದೆವು.

ಒಂದು ಮಧ್ಯಾಹ್ನ ಸಾಲಿನವರೆಲ್ಲ ಖಾಜಾ ಸಾಬರ ಅಂಗಡಿಯಲ್ಲಿ ಸೇರಿದರು. ಅವರು ಟೇಲರ್, ಸಾಲಿನಲ್ಲಿ ಎಲ್ಲರಿಗಿಂತ ಹಳಬರು. ಪಕ್ಕದಲ್ಲಿ ಖಾನಾವಳಿ ನಡೆಸುತ್ತಿದ್ದ ನಿಂಗಮ್ಮ ಮೊದಲು ಬಾಯಿ ತೆಗೆದಳು.

“ನನ್ನ ಖಾನಾವಳಿಗಿ ನೊಣ ಸುದ್ದಾ ಬರವಲ್ವು. ಬಾಡಿಗಿ ಎಲ್ಲಿಂದ ತರ್ಲಿ?”

“ನೊಣಕ್ಕೂ ನಿನ್ನ ಸಾರಿನ ರುಚಿ ಗೊತ್ತಾಗ್ಯಾದ ಬಿಡಬೇ” ಎಂದರು ಖಾಜಾ ಸಾಬರು.

“ನೀ ಹೊಲಿದ ಅಂಗಿ ಹಾಕ್ಕೊಂಡವ್ರ ಊರು ಬಿಟ್ಟು ಹೋಗ್ಯಾರ. ನನ್ನ ಸಾರಿಗಿ ಅನ್ನಾಕ ಬಂದಿ!”

ಎಲ್ಲರೂ ನಕ್ಕರು. ಆಮೇಲೆ ಖಾಜಾ ಸಾಬರು ಕತ್ತರಿ ಕೆಳಗಿಟ್ಟು, ಇದಕ್ಕೆ ಹಿರಿಯರ ಕಾಲದ ಒಂದು ಪದ್ಧತಿ ಇದೆ ಎಂದು ಹೇಳಿದರು. ಬಾಡಿಗೆ ಇಳಿಸಿ ಎಂದು ಬಾಯಿಂದ ಕೇಳುವುದಲ್ಲ. ಎಲ್ಲರೂ ಕೂಡಿ ಸಾಹುಕಾರರ ಮನೆಗೆ ಹೋಗಿ ಅಂಗಡಿಯ ಕೀಲಿಕೈ ಅವರ ಮುಂದೆ ಇಡುವುದು. ಅವರು ಹೆಸರು ಹಿಡಿದು ಕರೆದು ಕೀಲಿಕೈಯನ್ನು ಕೈಯಲ್ಲಿ ಕೊಟ್ಟರೆ ಬಾಡಿಗೆ ಇಳಿಸಿದ ಹಾಗೆ. ಎಷ್ಟು ಎಂಬುದನ್ನು ಅವರೇ ಹೇಳುತ್ತಾರೆ. ಕೀಲಿಕೈ ಕೆಳಗೇ ಉಳಿದರೆ ಅಂಗಡಿ ಖಾಲಿ ಮಾಡಬೇಕು. ತಾನಾಗಿ ಬಗ್ಗಿ ತೆಗೆದುಕೊಂಡರೆ ಹಳೆಯ ಬಾಡಿಗೆಗೇ ಒಪ್ಪಿ ಕಾಲು ಹಿಡಿದ ಹಾಗೆ, ಆಮೇಲೆ ಸಾಲಿನಲ್ಲಿ ಮರ್ಯಾದೆ ಇಲ್ಲ.

“ಕೈಯಾಗ ಕೊಡ್ಲಿಲ್ಲಂದ್ರ?” ಎಂದು ನಾನು ಕೇಳಿದೆ.

“ಐದೂ ಅಂಗಡಿ ಖಾಲಿ ಇಟ್ಕೊಂಡು ಅವ್ರೇನು ದನದ ಕಣಕಿ ತುಂಬ್ತಾರೇನೋ ತಮ್ಮಾ? ಕೊಡ್ತಾರ, ನಡಿ.”

ಉಳಿದವರಿಗೆ ಅದು ಕುಸ್ತಿಯ ಒಂದು ಪಟ್ಟಿನ ಹಾಗೆ. ಈ ಸಾಲಿನಲ್ಲಿ ಆಗದಿದ್ದರೆ ಮುಂದಿನ ಸಾಲಿನಲ್ಲಿ ಅಂಗಡಿ ಸಿಗುತ್ತಿತ್ತು. ನಮಗೆ ಇದೊಂದೇ ಇತ್ತು. ಮನೆಗೆ ಹೋಗುವಾಗ ನಾನು ಅಣ್ಣನಿಗೆ, “ನಾವು ಕೀಲಿಕೈ ಇಡೂದು ಬ್ಯಾಡ. ಹಳೀ ಬಾಡಿಗಿನೇ ಹ್ಯಾಂಗರ ಮಾಡಿ ಕೊಡೂಣು” ಎಂದೆ.

ಅಣ್ಣ ನಡೆಯುತ್ತಲೇ ಜೇಬಿನ ಕೀಲಿಕೈ ಮುಟ್ಟಿ ನೋಡಿಕೊಂಡ. ಆಮೇಲೆ, “ಸಾಲಿನವ್ರು ನಮ್ಮನ್ನೂ ಕರದಾರ ಭೀಮ್ಯಾ. ಮೊದಲ ಸಲ ಕರದಾರ” ಎಂದ.

ಅಮಾವಾಸ್ಯೆ ಕಳೆದ ಮೇಲೆ ಒಂದು ಬೆಳಿಗ್ಗೆ ಹೋದೆವು. ಸಾಹುಕಾರರ ಮನೆಗೆ ರಸ್ತೆಯಿಂದ ಕಲ್ಲಿನ ಮೆಟ್ಟಿಲುಗಳು, ಅದರ ಮೇಲೆ ಪಡಸಾಲೆ. ಉಳಿದವರು ಹತ್ತಿ ಪಡಸಾಲೆಯಲ್ಲಿ ಕುಳಿತರು. ನಾವಿಬ್ಬರು ಕೆಳಗಿನ ಮೆಟ್ಟಿಲ ಬಳಿ ನಿಂತೆವು. ಯಾರೂ ನಿಲ್ಲಿಸಲಿಲ್ಲ, ಯಾರೂ ಕರೆಯಲಿಲ್ಲ. ಎಲ್ಲರ ಕೀಲಿಕೈಗಳು ಒಂದು ಹಿತ್ತಾಳೆ ತಟ್ಟೆಗೆ ಬಿದ್ದವು. ಅಣ್ಣ ನಮ್ಮದನ್ನು ಕೈಗೆಟುಕುವ ಮೆಟ್ಟಿಲ ಮೇಲಿಟ್ಟ. ಖಾಜಾ ಸಾಬರು ಅದನ್ನೂ ಎತ್ತಿ ತಟ್ಟೆಯಲ್ಲಿ ಹಾಕಿದರು.

ಸಾಹುಕಾರರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ನನ್ನ ಗದ್ದಿಗೂ ನೀರಿಲ್ಲ. ನಾ ಯಾರ ಮುಂದ ಕೀಲಿಕೈ ಇಡ್ಲಿ ಹೇಳ್ರಿ?”

“ಅಣೆಕಟ್ಟಿ ಮುಂದ ಇಡ್ರಿ ಯಪ್ಪಾ, ನಾವೂ ಸಂಗಾಟ ಬರ್ತೀವಿ” ಎಂದಳು ನಿಂಗಮ್ಮ. ಸಾಹುಕಾರರು ನಕ್ಕುಬಿಟ್ಟರು. ಆ ನಗೆ ಕಂಡು ಎಲ್ಲರ ಉಸಿರು ಹಗುರವಾಯಿತು.

“ಖಾಜಾ, ಹಿಡಿ. ಕಾಲುವಿಗಿ ನೀರು ಬರೂತನಕ ಅರ್ಧ ಕೊಡು.” ಕೀಲಿಕೈ ಖಾಜಾ ಸಾಬರ ಅಂಗೈಗೆ ಬಂತು. “ನಿಂಗವ್ವ, ಹಿಡಿ. ನಿಂದೂ ಅರ್ಧ.” ಹೀಗೆ ನಾಲ್ಕು ಹೆಸರು, ನಾಲ್ಕು ಕೈ. ಕೊನೆಗೆ ನಮ್ಮ ಕೀಲಿಕೈ ಹಿಡಿದು ಅವರೇ ಎದ್ದು ಮೆಟ್ಟಿಲಿಳಿದು ಬಂದರು. “ಮರೆಪ್ಪ” ಎಂದರು. ಅಣ್ಣ ಎರಡೂ ಕೈ ಮುಂದೆ ಮಾಡಿದ್ದ. ಸಾಹುಕಾರರು ಕೀಲಿಕೈಯನ್ನು ಅವನ ಮುಂದಿನ ಮೆಟ್ಟಿಲ ಮೇಲೆ ಇಟ್ಟು, ತಿರುಗಿ ಮೇಲೆ ಹತ್ತಿ ಒಳಗೆ ಹೋದರು. ಬಾಡಿಗೆಯ ಮಾತು ಆಡಲಿಲ್ಲ.

ಅಣ್ಣನ ಕೈಗಳು ಹಾಗೇ ಇದ್ದವು. ನಾನು ಬಗ್ಗಿದೆ. ಅವನು ನನ್ನ ರಟ್ಟೆ ಹಿಡಿದ.

“ಮುಟ್ಟಬ್ಯಾಡ.”

ಕೀಲಿಕೈಯನ್ನು ಅಲ್ಲೇ ಬಿಟ್ಟು ನಡೆದೆವು. ಓಣಿಯ ತಿರುವಿನಲ್ಲಿ ಖಾಜಾ ಸಾಬರು ಓಡಿ ಬಂದು, “ಏನಾತೋ ಮರೆಪ್ಪ?” ಎಂದು ಕೇಳಿದರು. “ಖಾಲಿ ಮಾಡಂದ್ರಲ್ರಿ. ಕೆಳಗಿಟ್ಟಾರ, ನೋಡಲಿಲ್ಲೇನು?” ಎಂದ ಅಣ್ಣ. ಅವರು ನೋಡಿದ್ದರು.

ಆ ತಿಂಗಳು ಮುಗಿಯುವುದರೊಳಗೆ ಅಂಗಡಿ ಬಿಟ್ಟೆವು. ಇನ್ನೊಂದು ಕೀಲಿಕೈ ನಮ್ಮಲ್ಲಿತ್ತು. ಅದರಿಂದ ಬಾಗಿಲು ತೆಗೆದು ಹತಾರ, ಅಚ್ಚು, ತಂತಿಯ ಉಂಡೆ ಎಲ್ಲ ಹೊರಗೆ ಸಾಗಿಸಿ, ಆ ಕೀಲಿಕೈಯನ್ನೂ ಖಾಜಾ ಸಾಬರ ಕೈಯಲ್ಲಿ ಕಳಿಸಿದೆವು. ಬೇರೆ ಅಂಗಡಿ ಕೇಳಲು ಶಹಾಪುರವೆಲ್ಲ ತಿರುಗಿದೆವು. ಸುರಪುರ, ಯಾದಗಿರಿಗೂ ಹೋಗಿ ಬಂದೆವು. ಎಲ್ಲ ಕಡೆ ಮೊದಲು ಬಾಡಿಗೆ ಹೇಳುತ್ತಿದ್ದರು, ಆಮೇಲೆ ಯಾವ ಊರು, ಯಾರ ಪೈಕಿ ಎಂದು ಕೇಳುತ್ತಿದ್ದರು, ಆಮೇಲೆ ನಾಳೆ ಬನ್ನಿ ಅನ್ನುತ್ತಿದ್ದರು.

ಮೋಟಾರು ನಮ್ಮ ಬಳಿ ಬರುವ ಬದಲು ನಾವೇ ಮೋಟಾರಿನ ಬಳಿ ಹೋಗತೊಡಗಿದೆವು. ಮುಂಗಾರಿಗೆ ಕಾಲುವೆಗೆ ನೀರು ಬಂತು. ಕೆಲಸವೂ ಬಂತು. ಸೈಕಲ್ಲಿನ ಹಿಂದೆ ಹತಾರದ ಪೆಟ್ಟಿಗೆ ಕಟ್ಟಿಕೊಂಡು ಅಣ್ಣ ಹೊಲ ಹೊಲ ತಿರುಗುತ್ತಿದ್ದ. ಅಂಗಡಿಯಲ್ಲಿದ್ದಾಗ ಅವನದೊಂದು ನಿಯಮವಿತ್ತು. ತಂತಿಗೆ ಕೈ ಹಚ್ಚುವ ಮುಂಚೆ ಬೋರ್ಡಿನ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. “ಕರೆಂಟು ನನ್ನ ಕಿಸೆದಾಗಿರಬೇಕು” ಅನ್ನುತ್ತಿದ್ದ. ಹೊಲದಲ್ಲಿ ಬೋರ್ಡು ದೂರ ಒಂದು ಕಡೆ, ಮೋಟಾರು ಕಾಲುವೆಯ ದಂಡೆಯಲ್ಲಿ. ಲೈನಿನಲ್ಲಿ ಕರೆಂಟಿಲ್ಲದ ಹೊತ್ತು ನೋಡಿ ಕೆಲಸ ಮಾಡಬೇಕಿತ್ತು. ಅವನ ಕಿಸೆಯಲ್ಲಿ ಏನೂ ಇರುತ್ತಿರಲಿಲ್ಲ.

ಸುರಪುರದ ಕಡೆಯ ಒಂದು ಹೊಲದಲ್ಲಿ, ದಂಡೆಯ ಹಸಿ ಮಣ್ಣಿನಲ್ಲಿ ಕುಳಿತು ತಂತಿ ಕೂಡಿಸುತ್ತಿದ್ದಾಗ ಲೈನಿಗೆ ಕರೆಂಟು ಬಂತು. ಅದು ಕರೆಂಟು ಬರುವ ಹೊತ್ತಾಗಿರಲಿಲ್ಲ. ನಾನು ತಾಮ್ರದ ತಂತಿ ತರಲು ಯಾದಗಿರಿಗೆ ಹೋಗಿದ್ದೆ. ಬಸ್ಸಿಳಿದಾಗ ಖಾಜಾ ಸಾಬರು ಸ್ಟ್ಯಾಂಡಿನಲ್ಲಿ ನಿಂತಿದ್ದರು. ಅವರು ಹಾಗೆ ನಿಂತಿರುವುದನ್ನು ನೋಡಿದಾಗಲೇ ತಿಳಿಯಿತು.

ಬುದ್ಧವಂದನೆ ಹೇಳಿ ಮುದನಾಳದಲ್ಲಿ ಅಣ್ಣನನ್ನು ಮಣ್ಣು ಮಾಡಿದೆವು. ಕೆಲವು ದಿನ ಕಳೆದ ಮೇಲೆ ಖಾಜಾ ಸಾಬರು ಮನೆಗೆ ಬಂದು ಕುಳಿತರು. ಹೇಳಲೋ ಬೇಡವೋ ಎಂದು ಬಹಳ ಹೊತ್ತು ಟೊಪ್ಪಿಗೆ ತಿರುವುತ್ತಿದ್ದರು.

“ತಮ್ಮಾ, ನಿಮ್ಮ ಅಂಗಡಿ ಇನ್ನೂ ಖಾಲಿ ಅದ. ನೀರು ಬಂದ ಮ್ಯಾಲ ಎಷ್ಟು ಮಂದಿ ಕೇಳಿದ್ರೂ ಸಾಹುಕಾರ್ರು ಕೊಡವಲ್ರು. ನಿಮ್ಮ ಹೆಸರಿನ ಬೋರ್ಡ್ ಸುದ್ದಾ ಇಳಸಿಲ್ಲ. ಯಾಕೋ ಒಮ್ಮಿ ಹೋಗಿ ಬಾ.”

ಹೋದೆ. ಅದೇ ಮೆಟ್ಟಿಲ ಬಳಿ ನಿಂತೆ. ಸಾಹುಕಾರರು ಹೊರಗೆ ಬಂದು ಪಡಸಾಲೆಯ ಕಂಬ ಹಿಡಿದು ಕುಳಿತರು. ಅಷ್ಟರಲ್ಲೇ ಮುದುಕರಾಗಿದ್ದರು.

“ಕೇಳಿದೆ. ಹಂಗಾಗಬಾರದಿತ್ತು. ಅಂಗಡಿ ಬಿಟ್ಟು ಯಾಕ ಹೋದ್ರಿ ನೀವು?”

“ನೀವ ಬಿಡಿಸಿದ್ರಲ್ರಿ.”

“ನಾನಾ?” ಅವರು ನಿಜಕ್ಕೂ ಬೆರಗಾದರು. “ಅವತ್ತು ಎಲ್ಲಾರ ಕೂಡ ನಿಮಗೂ ಕೊಟ್ಟೀನಲ್ಲೋ! ಕೆಳಗ ಇಳದು ಬಂದು ಕೊಟ್ಟೀನಿ. ನಿಮ್ಮಣ್ಣ ತಗೊಳ್ಳಲಾರದ ಹೋದ. ಸಿಟ್ಟು ಬಂದದ, ಇಳದ ಮ್ಯಾಲ ಬರ್ತಾನ ಅಂತ ಅಂಗಡಿ ಹಂಗ ಇಟ್ಟೀನಿ.”

“ಎಲ್ಲಾರಿಗೂ ಕೈಯಾಗ ಕೊಟ್ರಿ. ನಮಗ ಕೆಳಗ ಇಟ್ರಿ.”

“ನಿಮಗ ಯಾವಾಗರ ಕೈಯಾಗ ಕೊಟ್ಟೀನೇನು?”

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದರು. ಹೇಳಿ ಮುಗಿಸಿದ ಮೇಲೆ ತಾವೇ ಆಡಿದ ಮಾತು ಅವರ ಕಿವಿಗೆ ಬಿದ್ದಂತೆ ಕಂಡಿತು. ಎದ್ದು ಒಳಗೆ ಹೋಗಿ ಕೀಲಿಕೈ ತಂದರು. ಮೆಟ್ಟಿಲಿಳಿದರು. ರೂಢಿಯಂತೆ ಬಗ್ಗತೊಡಗಿದರು.

“ಕೈಯಾಗ ಕೊಡ್ರಿ ಸಾಹುಕಾರ್ರ” ಎಂದೆ.

ಅರ್ಧ ಬಗ್ಗಿದವರು ಹಾಗೇ ನಿಂತರು. ನಾನು ಕೈ ಚಾಚಿಯೇ ನಿಂತೆ. ಕೊನೆಗೆ ಕೀಲಿಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಅವರ ಬೆರಳು ತಾಗಿದವು, ತಣ್ಣಗಿದ್ದವು. “ಬಾಡಿಗಿ ಅರ್ಧನೇ ಕೊಡು” ಎಂದರು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದ ದಿನಗಳು ಅವು.

ಆ ಅಂಗಡಿಯಲ್ಲಿ ಕಣ್ಣು ಮಂಜಾಗುವವರೆಗೆ ಕೆಲಸ ಮಾಡಿದೆ. ನಮ್ಮ ಕೆಲಸದಲ್ಲಿ ಟೆಸ್ಟ್ ಲ್ಯಾಂಪ್ ಅಂತ ಒಂದಿದೆ, ಒಂದು ಬಲ್ಬು, ಎರಡು ತಂತಿ. ಸುರುಳಿ ಒಳಗೆ ಎಲ್ಲಾದರೂ ಕಡಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಎರಡೂ ತುದಿಗೆ ತಂತಿ ಮುಟ್ಟಿಸಿದಾಗ ಮಾತ್ರ ತಿಳಿಯುತ್ತದೆ, ಇಡಿಯಾಗಿದ್ದರೆ ಬಲ್ಬು ಹತ್ತುತ್ತದೆ. ಒಂದೇ ತುದಿ ಮುಟ್ಟಿ ಕುಳಿತವನಿಗೆ ಏನೂ ಗೊತ್ತಾಗುವುದಿಲ್ಲ. ಅವತ್ತು ಸಾಹುಕಾರರು ತಮ್ಮ ತುದಿಯಲ್ಲಿದ್ದರು, ಅಣ್ಣ ತನ್ನ ತುದಿಯಲ್ಲಿದ್ದ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ ಎಂದು ನನ್ನ ಬಳಿ ಕಲಿಯಲು ಬಂದವರಿಗೆ ಹೇಳುತ್ತ ಬಂದೆ.

ಆದರೆ ಪೂರ್ತಿ ಹೀಗೇ ಎಂದು ನನಗೇ ನಂಬಿಕೆಯಿಲ್ಲ. ಅಣ್ಣ ನನಗಿಂತ ಚುರುಕು. ಸಾಹುಕಾರರು ಕೊಡುವ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಕೊಟ್ಟದ್ದೇ ಎಂದು ತಿಳಿದಿದ್ದೂ, ಅವತ್ತು, ಸಾಲಿನವರೆಲ್ಲ ಕೈಯಲ್ಲಿ ತೆಗೆದುಕೊಂಡ ಹೊತ್ತಿನಲ್ಲಿ, ತಾನು ಕೆಳಗಿನಿಂದ ಎತ್ತಲಾರೆ ಎಂದುಕೊಂಡನೇನೋ. ನನ್ನ ರಟ್ಟೆಯನ್ನು ಅವನು ಸುರುಳಿ ಬಿಗಿಯುವ ಹಾಗೆ ಗಟ್ಟಿಯಾಗಿ ಹಿಡಿದಿದ್ದ. ಅದೊಂದು ನನಗೆ ಇನ್ನೂ ನೆನಪಿದೆ. ಅವನು ಬದುಕಿದ್ದಷ್ಟು ದಿನ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಈಗ ಸುತ್ತುಗಳನ್ನು ತಾನೇ ಎಣಿಸುವ ಮೀಟರು ಬಂದಿದೆ. ನಾನೂ ಒಂದನ್ನು ಹಾಕಿಸಿದ್ದೆ. ಅಂಕಿ ಸರಿಯಾಗಿಯೇ ಬರುತ್ತಿತ್ತು. ಆದರೂ ಹ್ಯಾಂಡಲ್ ತಿರುಗಿಸುವಾಗ ನಲವತ್ತರ ಹತ್ತಿರ ಬಂದರೆ ಕೈ ತಾನಾಗಿ ನಿಧಾನವಾಗುತ್ತಿತ್ತು. ಯಾರನ್ನೋ ಬರ್ರಿ ಕುಂದರ್ರಿ ಎಂದು ಕರೆಯುವ ಒಂದು ದನಿಗಾಗಿ ಕಾಯುತ್ತಿದ್ದೆ.

ಅಂಗಡಿಯ ಹೆಸರಿನ ಬೋರ್ಡು ಅದೇ ಇದೆ. ಕೀಲಿಕೈ ಗೂಟದಲ್ಲಿದೆ. ಎಣಿಸುವ ದನಿ ಇಲ್ಲ.