ಎಂಟು ಮೆಟ್ಟಿಲ ಲೆಕ್ಕ

ಹಳೆಯ ಕಂಪ್ಯೂಟರಿನ ಡಬ್ಬ ಬಿಚ್ಚಿದರೆ ಒಂದು ವಾಸನೆ ಬರುತ್ತದೆ. ಫ್ಯಾನಿಗೆ ಮೆತ್ತಿಕೊಂಡ ಧೂಳು ವರ್ಷಗಟ್ಟಲೆ ಕಾದು ಕಾದು ಕರಿ ಹಿಡಿದಿರುತ್ತದಲ್ಲ, ಅದರ ವಾಸನೆ. ಮೊನ್ನೆ ಗುಜರಿಯವರಿಗೆ ಕೊಟ್ಟುಬಿಡೋಣವೆಂದು ಅಟ್ಟದ ಮೇಲಿದ್ದ ಡಬ್ಬವೊಂದನ್ನು ಇಳಿಸಿ, ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಲು ಪಕ್ಕದ ತಗಡು ಬಿಚ್ಚಿದೆ. ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಗಡಿನ ಹೊರಮೈಗೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲಿನ ಗಮ್ ಟೇಪು ಹಳದಿಯಾಗಿ ಒಡೆದುಹೋಗಿದ್ದರೂ ನೀಲಿ ಶಾಯಿಯ ದುಂಡಕ್ಷರ ಹಾಗೇ ಇತ್ತು: "ದಯವಿಟ್ಟು ಆಫ್ ಮಾಡಬೇಡಿ. ನ್ಯೂಕ್ಲಿಯಸ್ ಓಡುತ್ತಿದೆ."

ಗುಜರಿಯವರು ಬಗ್ಗಿ ಓದಿ, "ಏನ್ರೀ ಮೇಡಂ ಇದು, ಬಾಂಬಾ?" ಎಂದರು.

ನನಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು... ನಾಳೆ ಬನ್ನಿ ಎಂದು ಅವರನ್ನು ಕಳಿಸಿ, ಆ ಡಬ್ಬದ ಎದುರು ಸುಮ್ಮನೆ ಕೂತೆ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಸೆಂಟರ್. ಆಗಲೂ ಅಲ್ಲೇ, ಈಗಲೂ ಅಲ್ಲೇ. ಈಗ ಆನ್‌ಲೈನ್ ಅರ್ಜಿ, ಜೆರಾಕ್ಸು, ಫೋಟೋ. ಹದಿನೈದು ವರ್ಷದ ಹಿಂದೆ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಕಲಿಸುತ್ತಿದ್ದೆ, ಹುಡುಗಿಯರಿಗೆ ಟ್ಯಾಲಿ ಹೇಳಿಕೊಡುತ್ತಿದ್ದೆ. ಓದಿದ್ದು ಬಿಎಸ್ಸಿ. ಫಿಸಿಕ್ಸಿಗೆ ಎರಡು ಸಲ ಕೂತು ಪಾಸಾದವಳು ನಾನು. ಇಂಥವಳ ಕೋಣೆಗೆ ಪರಮಾಣುವಿನ ನ್ಯೂಕ್ಲಿಯಸ್ಸು ಮೆಟ್ಟಿಲು ಹತ್ತಿಕೊಂಡು ಬಂದದ್ದು ನನ್ನ ಹಣೆಬರಹವೋ, ಆ ಮೇಷ್ಟ್ರದೋ ಗೊತ್ತಿಲ್ಲ.

ಮೇಷ್ಟ್ರು ಸಂತೇಬೆನ್ನೂರಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ಜಗಳೂರು ಕಡೆಯವರು. ಹೊನ್ನಾಳಿ, ನ್ಯಾಮತಿ ಎಲ್ಲಾ ಕಡೆ ಕೆಲಸ ಮಾಡಿ, ಕೊನೆಗೆ ಚನ್ನಗಿರಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ನ್ಯಾಮತಿಯಲ್ಲಿದ್ದಾಗಲೇ ಪಿಎಚ್‌ಡಿಗೆ ಹೆಸರು ಕೊಟ್ಟಿದ್ದರಂತೆ. ವಿಶ್ವವಿದ್ಯಾಲಯದ ಕಂಪ್ಯೂಟರಿನ ಮುಂದೆ ಕೂರುವ ಪಾಳಿ ಇವರಂಥ ಭಾನುವಾರದ ವಿದ್ಯಾರ್ಥಿಗಳಿಗೆ ಬರುತ್ತಿರಲಿಲ್ಲ. ಹಾಗಾಗಿ ನನ್ನ ಮೂಲೆಯ ಕಂಪ್ಯೂಟರನ್ನು ತಿಂಗಳ ಬಾಡಿಗೆಗೆ ಹಿಡಿದರು. ಅವರ ಕನ್ನಡಕದ ಡಬ್ಬಿಯಲ್ಲಿ ಇರುತ್ತಿದ್ದುದು ಪೆನ್ ಡ್ರೈವ್. ಕನ್ನಡಕ ಅಂಗಿ ಜೇಬಿನಲ್ಲಿ, ಬೀಗದ ಕೈ ಜೊತೆ. ಗಾಜಿಗೆ ಗೀರು ಬಿದ್ದರೂ ಅಡ್ಡಿಯಿಲ್ಲ, ಪೆನ್ ಡ್ರೈವಿಗೆ ಬೀಳಬಾರದು.

ಅದೇನು ಲೆಕ್ಕ ಸರ್ ಎಂದು ಮೊದಲ ವಾರವೇ ಕೇಳಿದೆ. ಅವರು ಕೆಳಗಿನ ಬೇಕರಿಗೆ ಇಳಿದು ಎರಡು ಬನ್ನು ತಂದರು. ಒಂದು ಗುಂಡಗಿನದು, ಒಂದು ಉದ್ದನೆಯದು. ನ್ಯೂಕ್ಲಿಯಸ್ಸುಗಳು ಹೀಗೆ ಎರಡು ಜಾತಿ ಇರುತ್ತವೆ ಎಂದರು. ಅವರ ಕೆಲಸ ಉದ್ದ ಬನ್ನಿನ ಜಾತಿಯದು. ಗ್ಯಾಡೋಲಿನಿಯಂ, ಡಿಸ್ಪ್ರೋಸಿಯಂ, ಎರ್ಬಿಯಂ... ಹೆಸರು ಹೇಳುವಾಗ ಮನೆಯ ಮಕ್ಕಳನ್ನು ಕರೆದ ಹಾಗೆ ಕರೆಯುತ್ತಿದ್ದರು. ಒಳಗೆ ನೂರಕ್ಕೂ ಮೇಲ್ಪಟ್ಟು ಪ್ರೋಟಾನು ನ್ಯೂಟ್ರಾನುಗಳಿರುತ್ತವೆ. ಒಂದೊಂದೇ ಅಲ್ಲ, ಎಲ್ಲವೂ ಸೇರಿ ಒಂದೇ ಲಯದಲ್ಲಿ ನಡುಗುತ್ತವೆ. ಯಾವ ನಡುಕಕ್ಕೆ ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕಿ ಕಂಡುಹಿಡಿಯಬೇಕು, ಇಷ್ಟೇ. ಬೆರಳಿನಿಂದ ಬನ್ನನ್ನು ಒತ್ತಿ ಬಿಟ್ಟು ತೋರಿಸಿದರು. ಆಮೇಲೆ ಎರಡನ್ನೂ ಮೇಜಿನ ಮೇಲೆ ತಿರುಗಿಸಿ, "ಗುಂಡಂದು ತಿರುಗಿದ್ರೆ ನಿನಗೆ ಗೊತ್ತಾಗಕಿಲ್ಲ. ಉದ್ದಂದು ತಿರುಗಿದ್ರೆ ಗೊತ್ತಾಗ್ತೈತೆ. ಇದೊಂದು ನೆನಪಿಟ್ಕೊಳಮ್ಮ," ಎಂದರು. ಪಾಠ ಮುಗಿದ ಮೇಲೆ ಬನ್ನು ಇಬ್ಬರೂ ತಿಂದೆವು.

ನೆನಪಿಟ್ಟುಕೊಂಡೆ. ಅವರು ಮರೆತರು.

ಆಗ ಕರೆಂಟಿನ ಕಾಟ ಹೇಳತೀರದು. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಹನ್ನೆರಡಕ್ಕೆ ಹೋಗುತ್ತಿತ್ತು, ಮತ್ತೆ ಸಂಜೆ ಬಂದರೂ ಗಳಿಗೆಗೊಮ್ಮೆ ಕೈಕೊಡುತ್ತಿತ್ತು. ಯುಪಿಎಸ್ಸು ಹತ್ತು ನಿಮಿಷ ಕೂಗಿಕೊಂಡು ಸುಮ್ಮನಾಗುತ್ತಿತ್ತು. ಮೇಷ್ಟ್ರು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಪೆನ್ ಡ್ರೈವಿನಲ್ಲಿ ಫೈಲು ಕೊಟ್ಟು ಹೋಗುವುದು, ಕರೆಂಟು ಬಂದ ಕೂಡಲೇ ನಾನು ಪ್ರೋಗ್ರಾಮು ಶುರು ಮಾಡುವುದು, ಸಂಜೆ ಅವರು ಬಂದು ನೋಡುವುದು, ಇದು ನಮ್ಮ ಏರ್ಪಾಟು. ಆದರೆ ಲೆಕ್ಕ ಮೂರು ತಾಸಿನಲ್ಲಿ ಮುಗಿಯುತ್ತಿರಲಿಲ್ಲ. ಅದು ಯಾರೋ ಎಂದೋ ಬರೆದ ಹಳೆಯ ಪ್ರೋಗ್ರಾಮು. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದಲೇ ಶುರು. ಸಂಜೆ ಮೆಟ್ಟಿಲಲ್ಲೇ ಅವರ ದನಿ ಕೇಳುತ್ತಿತ್ತು. "ಮುಗೀತೇನಮ್ಮ?"

"ಇಲ್ಲ ಸರ್, ಹನ್ನೆರಡಕ್ಕೆ ಹೋತು."

ಹೀಗೆ ಎರಡು ತಿಂಗಳು. ಅವರ ಮುಖ ನೋಡಲಾಗದೆ ಒಂದು ದಿನ ನಾನೇ ಕೇಳಿದೆ, ಲೆಕ್ಕವನ್ನು ಸ್ವಲ್ಪ ಚಿಕ್ಕದು ಮಾಡಲು ಬರುವುದಿಲ್ಲವೇ ಎಂದು. ಬರುತ್ತದೆ ಎಂದರು. ಫೈಲಿನಲ್ಲಿ ಒಂದು ಅಂಕಿ ಇತ್ತು. ಪ್ರೋಟಾನು ನ್ಯೂಟ್ರಾನುಗಳು ಒಳಗೆ ಸಂತೇಬೆನ್ನೂರಿನ ಹೊಂಡದ ಮೆಟ್ಟಿಲುಗಳ ಹಾಗೆ ಹಂತ ಹಂತವಾಗಿ ಇರುತ್ತವಂತೆ. ಎಷ್ಟು ಮೆಟ್ಟಿಲವರೆಗೆ ಲೆಕ್ಕಕ್ಕೆ ಹಿಡಿಯಬೇಕು ಎಂದು ಆ ಅಂಕಿ ಹೇಳುತ್ತದೆ. ಹೆಚ್ಚು ಹಿಡಿದಷ್ಟೂ ಒಳ್ಳೆಯದು, ಹೊತ್ತೂ ಹೆಚ್ಚು. ನಾನು ಹೇಳಿದೆ: "ಮೂರು ತಾಸಿನಾಗೆ ಮುಗಿಯೋ ಅಷ್ಟೇ ಇಟ್ಕೊಳ್ರಿ ಸರ್. ಜಾಸ್ತಿದು ಕರೆಂಟು ಸರಿಯಾದ ಮ್ಯಾಲೆ ನೋಡಿದ್ರಾತು."

ಅವರು ತುಂಬಾ ಹೊತ್ತು ಯೋಚಿಸಿದರು. ಹಿಂದಿನವರು ಕೆಲವರು ಎಂಟು ಮೆಟ್ಟಿಲಿಗೇ ನಿಲ್ಲಿಸಿದ್ದುಂಟು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಎಂಟು ಎಂದು ಹಾಕಿದರು. ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಲೆಕ್ಕ ಮುಗಿಯಿತು. ಚನ್ನಗಿರಿಯ ಕರೆಂಟಿಗೆ ಅಳತೆ ಕೊಟ್ಟು ಹೊಲಿಸಿದ ನ್ಯೂಕ್ಲಿಯಸ್ಸು ಅದು. ಅಳತೆ ಹೇಳಿದವಳು ನಾನು.

ಆ ಲೆಕ್ಕದಲ್ಲೇ ಅವರಿಗೆ ಅದು ಸಿಕ್ಕಿದ್ದು. ಶಕ್ತಿಯ ಅಳತೆಯಲ್ಲಿ ಎರಡೂವರೆಯ ಹತ್ತಿರ ಒಂದು ಶಿಖರ, ಗ್ರಾಫಿನ ಎಡತುದಿಯಲ್ಲಿ ಒಂಟಿಯಾಗಿ. ಅಷ್ಟು ಮೆಲ್ಲನೆಯ, ಅಷ್ಟು ಬಲವಾದ ನಡುಕವನ್ನು ಅಲ್ಲಿ ಯಾರೂ ಗುರುತಿಸಿಲ್ಲ ಎಂದರು. ಮೂರು ದಿನ ಮೂರು ಸಲ ಓಡಿಸಿದೆವು. ಮೂರು ಸಲವೂ ಅಲ್ಲೇ ಇತ್ತು. ಮೂರನೆಯ ಸಂಜೆ ಅವರು ಕುರ್ಚಿಯಲ್ಲಿ ಕೂರಲೇ ಇಲ್ಲ. "ನನ್ನ ಹೆಸರು ಬ್ಯಾಡಮ್ಮ. ಎಲ್ಲೋ ಯಾರೋ ಒಬ್ರು ಲೆಕ್ಕ ಮಾಡಿ ನೋಡಿ, ಸಂತೇಬೆನ್ನೂರು ಮೇಷ್ಟ್ರು ಹೇಳಿದ್ದು ಸರಿ ಐತೆ ಅಂದ್ರೆ ಸಾಕು," ಎಂದರು. ಹೆಸರು ಬೇಡ ಎಂದರೂ ಊರು ಬೇಕಿತ್ತು. ಮರುದಿನವೇ ಆ ಚೀಟಿ ಬರೆದು ಅಂಟಿಸಿದ್ದು.

ಫೈಲಿನ ಅಂಕಿ ಮಾತ್ರ ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ. ಒಮ್ಮೆ ನಾನು ಗೊತ್ತಾಗದೆ ಒಂದು ಸಾಲು ಅಳಿಸಿ, ಅವರಿಂದ ಬೈಸಿಕೊಂಡು, ಅತ್ತಿದ್ದೂ ಉಂಟು.

ಆದರೂ ಮುಟ್ಟಿದೆ. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ. ಅವತ್ತು ಊರಿಗೆ ಮಂತ್ರಿಗಳು ಬರುವವರಿದ್ದರು. ರಸ್ತೆಗೆ ನೀರು ಹೊಡೆದಿದ್ದರು, ಕರೆಂಟು ಬೆಳಗಿಂದ ಸಂಜೆಯವರೆಗೆ ಕದಲಲಿಲ್ಲ. ಮೇಷ್ಟ್ರು ಪೇಪರ್ ತಿದ್ದುವ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದರು. ಅವರ ಲೆಕ್ಕ ಹನ್ನೆರಡಕ್ಕೇ ಮುಗಿದು, ಮುಂದೆ ಹೊತ್ತು ಹೋಗದೆ, ಎಂಟು ಇದ್ದಲ್ಲಿ ಹನ್ನೆರಡು ಎಂದು ಹಾಕಿ ಓಡಿಸಿದೆ. ಬರೀ ತರಲೆ ಬುದ್ಧಿ. ಸಂಜೆ ಆರರ ಸುಮಾರಿಗೆ ಮುಗಿಯಿತು. ಎರಡೂವರೆಯಲ್ಲಿ ಶಿಖರ ಇರಲಿಲ್ಲ. ಕೆಳಗೆ ಜಾರಿ ಒಂದು ಪಾಯಿಂಟ್ ಮೂರು ಒಂದರಲ್ಲಿ ಕೂತಿತ್ತು.

ಏನೋ ಕೆಡಿಸಿಬಿಟ್ಟೆ ಎಂದುಕೊಂಡೆ. ಎಮ್ಮೆಸ್ಸಿ ಮಾಡಿದ ಮೇಷ್ಟ್ರ ಲೆಕ್ಕ ತಪ್ಪಾಗಿ, ಎರಡು ಸಲ ಕೂತು ಪಾಸಾದವಳ ಲೆಕ್ಕ ಸರಿಯಾಗುವುದುಂಟೇ? ಆ ಫೈಲನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ, ಮತ್ತೆ ಎಂಟು ಎಂದು ಬರೆದಿಟ್ಟೆ. ಮರುದಿನ ಅವರು ಬಂದು "ಮುಗೀತೇನಮ್ಮ?" ಎಂದರು. ಮುಗೀತು ಸರ್ ಎಂದೆ.

ಆಮೇಲೆ ಮೂರು ವರ್ಷ... ಒಂದೊಂದೇ ನ್ಯೂಕ್ಲಿಯಸ್ಸು, ಒಂದೊಂದೇ ಗ್ರಾಫು. ಹೆಚ್ಚಿನ ಮೆಟ್ಟಿಲು ಹಾಕಿ ನೋಡುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಅವರಿಗೂ ಒಳಗೊಳಗೆ ಭಯವಿತ್ತೋ ಏನೋ, ನಾನು ಕೇಳಲಿಲ್ಲ. ಥೀಸಿಸ್ ಟೈಪು ಮಾಡಿದವಳೂ ನಾನೇ. ಆ ನಡುಕದ ಮೇಲೆಯೇ ಒಂದು ಇಡೀ ಅಧ್ಯಾಯ ಇತ್ತು, ಉಳಿದವು ಅದಕ್ಕೆ ಪೀಠಿಕೆ. ಅವಧಿಯನ್ನು ಆಗಲೇ ಎರಡು ಸಲ ವಿಸ್ತರಿಸಿಕೊಂಡಿದ್ದರು. ಮೂರನೆಯ ಸಲ ಸಿಗುವುದಿಲ್ಲ ಎಂದು ಅವರ ಗೈಡು ಹೇಳಿದ್ದರು. ಕೊನೆಯ ವಾರ ಬೈಂಡಿಂಗ್ ಮಾಡಿಸಿ ಒಪ್ಪಿಸಿ ಬಂದರು. ನಮ್ಮ ಸೆಂಟರಿನ ಹುಡುಗಿಯರಿಗೆಲ್ಲ ಬೇಕರಿಯಿಂದ ಖಾರಾ ಬನ್ನು ತರಿಸಿಕೊಟ್ಟರು.

ಐದಾರು ತಿಂಗಳಿಗೆ ಪರೀಕ್ಷಕರ ಕಾಗದ ಬಂತು. ಹೊಗಳಿಕೆಯೇ ಹೆಚ್ಚು. ಕೊನೆಗೆ ಒಂದೇ ಒಂದು ಪ್ರಶ್ನೆ: ಮೆಟ್ಟಿಲುಗಳನ್ನು ಹೆಚ್ಚಿಸಿದರೂ ಆ ಶಿಖರ ಅಲ್ಲೇ ನಿಲ್ಲುತ್ತದೆಯೇ, ತೋರಿಸಿ. "ಅದೇನ್ ದೊಡ್ಡ ಮಾತು, ಮೂರು ದಿನದಾಗೆ ಕೊಡಾಣ," ಎಂದರು ಮೇಷ್ಟ್ರು. ಅಷ್ಟರಲ್ಲಿ ಕರೆಂಟು ಸುಧಾರಿಸಿತ್ತು. ನಾನೂ ದೊಡ್ಡ ಬ್ಯಾಟರಿ ಹಾಕಿಸಿದ್ದೆ. ಅವರು ರಜೆ ಹಾಕಿ ಬೆಳಿಗ್ಗೆಯಿಂದಲೇ ಬಂದು ಕೂತರು.

ಹತ್ತು ಹಾಕಿದರು. ಶಿಖರ ಎರಡಕ್ಕಿಂತ ಕೆಳಗೆ ಬಂತು. ಏನೋ ತಪ್ಪಾಗಿರಬೇಕು ಎಂದು ಇನ್ನೊಮ್ಮೆ ಓಡಿಸಿದರು. ಮರುದಿನ ಹನ್ನೆರಡು ಹಾಕಿದರು. ನಾನು ಅವರ ಹಿಂದೆ ನಿಂತಿದ್ದೆ. ಪರದೆಯ ಮೇಲೆ ಬಂತು, ಒಂದು ಪಾಯಿಂಟ್ ಮೂರು ಒಂದು. ನನಗೆ ಗುರುತು ಸಿಕ್ಕಿತು. ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೂರನೆಯ ದಿನ ಹದಿನಾಲ್ಕು ಹಾಕಿದರು. ಅದು ಸೊನ್ನೆಯ ಕಡೆಗೆ ಇನ್ನೂ ಇಳಿಯಿತು.

ಮೇಷ್ಟ್ರು ಕೆಳಗೆ ಹೋಗಿ ಒಂದು ಉದ್ದ ಬನ್ನು ತಂದರು. ಮೇಜಿನ ಮೇಲಿಟ್ಟು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು.

"ಇದು ತಿರುಗ್ತಾ ಐತೆ, ಅಷ್ಟೇ. ಒಳಗೆ ಏನೂ ನಡುಗ್ತಾ ಇಲ್ಲ. ಸುಮ್ನೆ ತಿರುಗಾಕೆ ಶಕ್ತಿ ಬೇಕಾಗಿಲ್ಲ, ಅದು ಸೊನ್ನೆಗೇ ಬರಬೇಕು. ಮೆಟ್ಟಿಲು ಸಾಲ್ದೆ ಮ್ಯಾಲೆ ನಿಂತಿತ್ತು. ತಿರುಗಿದ್ದನ್ನ ನಡುಕ ಅಂತ ಬರೆದುಬಿಟ್ಟೆ ನೋಡಮ್ಮ."

ಪರೀಕ್ಷಕರು ತೋರಿಸಿದ ತಪ್ಪು ಲೋಕಕ್ಕೆ ಗೊತ್ತಿದ್ದದ್ದೇ. ಪುಸ್ತಕಗಳಲ್ಲೂ ಎಚ್ಚರಿಕೆ ಬರೆದಿರುತ್ತಾರಂತೆ. ಅಧ್ಯಾಯ ಕಿತ್ತುಹಾಕಿದರೆ ಥೀಸಿಸ್ಸಿನಲ್ಲಿ ಉಳಿಯುವುದು ಪೀಠಿಕೆ ಮಾತ್ರ. ಹೊಸದಾಗಿ ಹೆಸರು ಕೊಟ್ಟು ಮೊದಲಿಂದ ಮಾಡಿ ಎಂದರು ಗೈಡು. ಮೇಷ್ಟ್ರಿಗೆ ಆಗ ಐವತ್ತು ದಾಟಿತ್ತು. ಮಾಡಲಿಲ್ಲ. ತಿಂಗಳ ಕೊನೆಗೆ ಬಂದು ಮೂಲೆಯ ಕಂಪ್ಯೂಟರ್ ಬಿಟ್ಟುಕೊಡುತ್ತೇನೆ ಎಂದರು. ಪೆನ್ ಡ್ರೈವ್ ಒಯ್ಯಲಿಲ್ಲ. ಡಬ್ಬಿಯಲ್ಲಿ ಅವತ್ತು ಕನ್ನಡಕ ಇತ್ತು.

ಆ ಮೂರು ದಿನದಲ್ಲಿ, ಆಮೇಲೂ, ನಾನು ಬಾಯಿ ಬಿಡಲಿಲ್ಲ. ಮೂರು ವರ್ಷ ಮೊದಲೇ ಆ ಅಂಕಿ ನೋಡಿದ್ದೆ, ಆಗ ಹೇಳಿದ್ದರೆ ಬೇರೆ ಏನನ್ನಾದರೂ ಹುಡುಕಲು ನಿಮಗೆ ಹೊತ್ತಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ಹೇಡಿತನ ಅದು. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಅವರಿಗೆ ಜಗಳೂರಿಗೆ ವರ್ಗವಾಯಿತು. ಎಷ್ಟೋ ವರ್ಷದ ಮೇಲೆ, ಆ ಊರಲ್ಲಿ ನಮ್ಮ ನೆಂಟರ ಮದುವೆಗೆ ಹೋದವಳು, ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ದಾವಣಗೆರೆಗೆ ಡಯಾಲಿಸಿಸ್ಸಿಗೆ ಓಡಾಟ. ಕಾಫಿ ಕೊಡುವಾಗ ಅವರ ಮನೆಯವರು ಮೆಲ್ಲಗೆ, "ಆ ಲೆಕ್ಕದ ಸುದ್ದಿ ಮಾತ್ರ ತೆಗೀಬ್ಯಾಡ್ರಿ," ಎಂದರು. ನಾನು ತೆಗೆಯಲಿಲ್ಲ. ಹೊರಡಲು ಎದ್ದಾಗ ಮೇಷ್ಟ್ರೇ ತೆಗೆದರು. ಸಿಟ್ಟಿನಿಂದಲ್ಲ, ಗೋಡೆ ನೋಡುತ್ತಾ.

"ಆ ಟೈಮಿನಾಗೆ ಒಂದೇ ಒಂದು ದಿನ ಕರೆಂಟು ಸಂಜೆ ತನಕ ಇದ್ದಿದ್ರೆ, ಆವಾಗ್ಲೇ ಗೊತ್ತಾಗ್ತಿತ್ತು. ಅಲ್ಲೇನಮ್ಮ?"

"ಹೌದು ಸರ್," ಎಂದೆ. ಬಾಗಿಲ ತನಕ ಬಂದು ಕಳಿಸಿದರು.

ಅದೇ ಕೊನೆ. ಹೋಗಿಬಿಟ್ಟರೆಂದು ತಿಳಿದದ್ದು ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಮಣ್ಣಾಗಿ ನಾಲ್ಕು ದಿನವಾದ ಮೇಲೆ.

ಮೊನ್ನೆ ಗುಜರಿಯವರನ್ನು ಕಳಿಸಿದ ಮೇಲೆ ಆ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದೆ. ಇನ್ನೂ ಜೀವವಿತ್ತು. ಎಂಟು ಮೆಟ್ಟಿಲಿನ ಫೈಲುಗಳೆಲ್ಲ ಹೆಸರು ಸಮೇತ ಸಾಲಾಗಿ ಇದ್ದವು. ಹನ್ನೆರಡರ ಫೈಲನ್ನು ಹುಡುಕಿದೆ. ಅಳಿಸಿದವಳು ನಾನೇ ಎಂದು ಗೊತ್ತಿದ್ದೂ ಎರಡು ಸಲ ಹುಡುಕಿದೆ... ಇರಲಿಲ್ಲ. ಗುಜರಿಯವರು ಮಾರನೆಯ ದಿನ ಬಂದು ಡಬ್ಬ ಒಯ್ದರು. ಚೀಟಿ ಬಿಡಿಸಲು ಬರಲಿಲ್ಲ, ತಗಡಿನ ಜೊತೆಗೇ ಹೋಯಿತು.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಈಗ ಕರೆಂಟು ಅಷ್ಟಾಗಿ ಹೋಗುವುದಿಲ್ಲ. ಆ ಡಬ್ಬ ಹಿಂದೆ ಇದ್ದ ಮೂಲೆಯ ಮೇಜಿನ ಮುಂದೆ ನಿಂತು, ಜಗಳೂರಿನಲ್ಲಿ ಹೇಳಬೇಕಿದ್ದ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ.

"ಒಂದು ದಿನ ಇತ್ತು ಸರ್."