ನನ್ನ ತಮ್ಮ ಹಂಚಿದ ಕತ್ತಿ ಮಸೆಯುವ ಪುಡಿಯ ಡಬ್ಬಿ ದಯವಿಟ್ಟು ತೆರೆಯಬೇಡಿ

ಗುತ್ತಿಗಾರಿನ ಪದ್ಮಕ್ಕ, ಮೊಣಕಾಲಿನ ಬಾವು ಇಳಿಯಿತಾ? ಉಪ್ಪಿನಂಗಡಿಯ ರಮೇಶ, ನಿನ್ನ ಶುಗರ್ ಹೇಗಿದೆ? ಶಾಂತಾ, ಹಲ್ಲು ಕೀಳಿಸಿದ ಮೇಲೆ ಊಟ ಸೇರುತ್ತಿದೆಯಾ?

ಎಲ್ಲರೂ ಕ್ಷೇಮವೆಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ರಮೇಶನ ಹೊಸ ಮನೆಯ ಒಕ್ಕಲಿನ ದಿನ ನನ್ನ ತಮ್ಮ ಸುಬ್ರಾಯ ನಿಮಗೆಲ್ಲ ಕತ್ತಿ ಮಸೆಯುವ ಪುಡಿಯ ಡಬ್ಬಿ ಕೊಟ್ಟಿದ್ದಾನಲ್ಲ... ಅದನ್ನು ತೆರೆಯಬೇಡಿ.

ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಕತ್ತಿ ಮಸೆಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಲಂಕಾರಿನ ನಮ್ಮ ಮನೆಯಲ್ಲಿ ಆ ಪುಡಿ ಮುಗಿದಿತ್ತು. ಅದೇ ಹೊತ್ತಿಗೆ ಕೊಟ್ಟಿಗೆಯ ಮಾಡಿಗೆ ಹೊದಿಸಿದ ಹಳೆ ಸಿಮೆಂಟ್ ಶೀಟಿನ ಮೇಲೆ ತೆಂಗಿನಕಾಯಿ ಬಿದ್ದು ಮೂಲೆ ಒಡೆಯಿತು.

ತಮ್ಮನ ತಲೆ ಓಡಿತು. ಚೂರುಗಳನ್ನು ಕುಟ್ಟಿ ಪುಡಿ ಮಾಡಿದ. ನಾನು ಮಹಾ ಸಹಾಯಕಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಕೊಟ್ಟೆ, ಮೂಗಿನ ತುದಿ ಬೆಳ್ಳಗಾಗುವಷ್ಟು.

ಕತ್ತಿ ಏನು ಹರಿತವಾಯಿತು ಗೊತ್ತಾ! ಬಾಳೆದಿಂಡು ಒಂದೇ ಏಟಿಗೆ ತುಂಡು. ಆಮೇಲೆ ಅವನ ಕಾಲು ನೆಲಕ್ಕೆ ತಾಗಲಿಲ್ಲ...

ಕಳೆದ ವಾರ ನನ್ನ ಬಿಪಿ ತೋರಿಸಲು ಪುತ್ತೂರಿಗೆ ಹೋದಾಗ ಡಾಕ್ಟರಿಗೂ ಒಂದು ಡಬ್ಬಿ ಹಿಡಿದುಕೊಂಡು ಬಂದ. ಅವರಿಗೂ ತೋಟ ಇದೆಯಲ್ಲ ಎಂಬುದು ಅವನ ಲೆಕ್ಕ.

ಮುಚ್ಚಳ ತಿರುಗಿಸಲು ಹೊರಟ ಡಾಕ್ಟರು ಕೇಳಿದರು, "ಇದು ಎಂತದರ ಪುಡಿ ಮಾರಾಯ್ರೆ?"

"ಹಳೆ ಸಿಮೆಂಟ್ ಶೀಟು ಡಾಕ್ಟ್ರೆ. ಅಕ್ಕನೇ ಜರಡಿ ಹಿಡಿದದ್ದು, ಫಸ್ಟ್ ಕ್ಲಾಸ್ ನೈಸು ಉಂಟು."

ಡಾಕ್ಟರ ಕೈ ಅಲ್ಲೇ ನಿಂತಿತು. ಒಳಗೆ ಹಾವಿನ ಮರಿ ಇದೆಯೇನೋ ಎಂಬಂತೆ ಡಬ್ಬಿಯನ್ನು ಮೇಜಿನ ತುದಿಗೆ ಮೆಲ್ಲ ಸರಿಸಿದರು.

"ಆ ಶೀಟಿನಲ್ಲಿ ಆಸ್ಬೆಸ್ಟಾಸ್ ಅಂತ ನಾರು ಉಂಟು. ಕುಟ್ಟಿದ್ರೆ ಕಣ್ಣಿಗೆ ಕಾಣದ ಸೂಜಿಯಾಗಿ ಗಾಳಿಯಲ್ಲಿ ಹಾರ್ತದೆ."

"ಕೆಮ್ಮಿ ಉಗುಳಿದ್ರೆ ಹೋಗುದಿಲ್ವಾ?" ಎಂದ ತಮ್ಮ.

"ಗಂಟಲಲ್ಲಿ ಸಿಕ್ಕಿದ್ದು ಹೋದೀತು. ಶ್ವಾಸಕೋಶದ ತಳಕ್ಕೆ ಇಳಿದದ್ದು ಎಲ್ಲಿಗೆ ಹೋಗುದು?"

ಮುಂದೆ ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಶ್ವಾಸಕೋಶದೊಳಗೆ ಕಸ ನುಂಗುವ ಜೀವಕೋಶಗಳಿವೆಯಂತೆ. ಮಾಮೂಲಿ ಧೂಳು ಬಂದರೆ ನುಂಗಿ ಮುಗಿಸುತ್ತವೆ.

ಈ ಸೂಜಿಯೋ, ಅವುಗಳಿಗಿಂತಲೂ ಉದ್ದ. ಅರ್ಧ ಬಾಯೊಳಗೆ, ಅರ್ಧ ಹೊರಗೆ... ಕರಗಿಸಲೂ ಆಗದು, ಉಗುಳಲೂ ಆಗದು. ಆ ಪೇಚಾಟದಲ್ಲಿ ಕೋಶವೇ ಹಾಳಾಗಿ ಒಳಗಿನ ರಸ ಸುತ್ತ ಚೆಲ್ಲುತ್ತದೆ, ಅಲ್ಲಿ ಉರಿಯೂತ ಏಳುತ್ತದೆ. ಸಹಾಯಕ್ಕೆ ಓಡಿ ಬಂದ ಕೋಶಗಳ ಗತಿಯೂ ಅದೇ.

ಸೂಜಿ ಹೋಗುವುದಿಲ್ಲ, ಹಾಗಾಗಿ ಜಗಳವೂ ಮುಗಿಯುವುದಿಲ್ಲ. ಗಾಯ ಮಾಗಿದಲ್ಲೆಲ್ಲ ದಪ್ಪ ಕಲೆ ಕಟ್ಟುತ್ತದೆ. ನೆನೆಸಿದ ಅಡಿಕೆ ಹಾಳೆ ಹೇಗೆ ಬೇಕಾದರೂ ಬಗ್ಗುತ್ತದೆ, ಒಣಗಿದ್ದು ಬಗ್ಗದಲ್ಲ, ಶ್ವಾಸಕೋಶವೂ ಹಾಗೇ ಪೆಡಸಾಗುತ್ತದೆ. ತೊಂದರೆ ಕಾಣಿಸಿಕೊಳ್ಳಲು ಎಷ್ಟೋ ವರ್ಷ ಹಿಡಿಯುತ್ತದೆ. ಕಟ್ಟಿದ ಕಲೆಯನ್ನು ಅಳಿಸುವ ಮದ್ದಿಲ್ಲ.

ನನ್ನ ಬಿಪಿ ಅಲ್ಲೇ ಅಟ್ಟ ಹತ್ತಿ ಕೂತಿತು.

"ಹೆದರ್ಬೇಡಿ ಅಮ್ಮ, ಒಂದೆರಡು ಸಲಕ್ಕೆ ರೋಗ ಬಂದೇ ಬರ್ತದೆ ಅಂತ ಇಲ್ಲ. ವರ್ಷಗಟ್ಟಲೆ ಉಸಿರಾಡಿದವರಿಗೆ ಅಪಾಯ ಜಾಸ್ತಿ. ಇನ್ನು ಮಾತ್ರ ಮುಟ್ಟುದು ಬೇಡ. ಊರಿಗೆಲ್ಲ ಹಂಚಿಲ್ಲ ಅಲ್ವಾ?"

ತಮ್ಮ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮನೆಗೆ ಬಂದವನೇ ಎಲ್ಲರಿಗೂ ಫೋನ್ ಮಾಡಿದ. ಆದರೆ ನೀವೂ ನಮ್ಮ ವಂಶದವರೇ ಅಲ್ಲವೇ! ಪದ್ಮಕ್ಕ, ನೀನು "ಕೊಟ್ಟದ್ದನ್ನು ವಾಪಸ್ ಕೇಳ್ತಿಯಲ್ಲ ಮಾರಾಯ, ನಾಚಿಕೆ ಆಗುದಿಲ್ವಾ?" ಎಂದು ಫೋನ್ ಇಟ್ಟೇಬಿಟ್ಟೆ. ರಮೇಶ, ನೀನಂತೂ "ಎಂತ ಪುಡಿ? ಯಾವ ಪುಡಿ?" ಎಂದೆಯಂತೆ.

ಅದಕ್ಕೇ ಕುಟುಂಬದ ಗ್ರೂಪಿನಲ್ಲಿ ಈ ಬರಹ. ಡಬ್ಬಿಗೆ ಹಾಗೇ ಟೇಪ್ ಸುತ್ತಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಹಲಗೆಯ ಮೇಲೆ ಪುಡಿ ಉಳಿದಿದ್ದರೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಜೊತೆಗೇ ಕಟ್ಟಿ. ತೋಟಕ್ಕೆ ಎಸೆಯಬೇಡಿ, ಮುಂದೇನು ಮಾಡುವುದೆಂದು ಪಂಚಾಯತಿನಲ್ಲಿ ವಿಚಾರಿಸುತ್ತಿದ್ದೇವೆ.

ಮಾಡಿನ ಮೇಲಿರುವ ಒಡೆಯದ ಗಟ್ಟಿ ಶೀಟು ಅದರ ಪಾಡಿಗೆ ಇರಲಿ. ಮಳೆಗಾಲಕ್ಕೆ ಮೊದಲು ಅದರ ಪಾಚಿ ಕೆರೆಯುವ ಉಮೇದು ಮಾತ್ರ ಬೇಡ.

ಸುಬ್ರಾಯ ಈಗ ಫೋನ್ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಾನೆ, ಬೈಸಿಕೊಳ್ಳಲು ತಯಾರಾಗಿ. ಬೈದೇ ಬರೆಯಿರಿ, ಆದರೆ ಇವತ್ತೇ ಬರೆಯಿರಿ... ಡಬ್ಬಿ ತೆರೆದಿದ್ದೀರೋ, ಇಲ್ಲವೋ?