ಏಳು ಡಬರಿ ಪೊಂಗಲ್

ನಾನು ಚಿಕ್ಕವಳಿದ್ದಾಗ ಅಪ್ಪನ ಅಂಗಿಯಿಂದ ಯಾವಾಗಲೂ ಎರಡು ವಾಸನೆ ಬರುತ್ತಿದ್ದವು, ಒಂದು ಫಿನಾಯಿಲಿನದು, ಇನ್ನೊಂದು ಸಗಣಿಯದು. ರಾಯಕೋಟೆ ಹತ್ತಿರದ ನಮ್ಮೂರಿನ ದನದ ಆಸ್ಪತ್ರೆಯಲ್ಲಿ ಅಪ್ಪ ಕಾಂಪೌಂಡರ್ ಆಗಿದ್ದ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಗಾಜಿನ ಸಿರಿಂಜು ಕುದಿಸುವುದು, ಮುಲಾಮು ಕಲಸುವುದು, ಗಾಯದ ಹುಳು ತೆಗೆಯುವುದು, ಒದೆಯುವ ಎಮ್ಮೆಯನ್ನು ಹಗ್ಗ ಹಾಕಿ ಮೆಲ್ಲಗೆ ನೆಲಕ್ಕೆ ಮಲಗಿಸುವುದು ಎಲ್ಲ ಅಪ್ಪನದೇ. ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಹಸುವಿನ ಬಾಯಿಗೆ ಹುಯ್ಯುವುದನ್ನು ನೀನು ನೋಡಬೇಕಿತ್ತು, ಪುಟ್ಟಾ. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ, ಹಸು ಒಮ್ಮೆಯೂ ಕೆಮ್ಮುತ್ತಿರಲಿಲ್ಲ. ಅಂಥ ಅಪ್ಪ ಮನೆಯಲ್ಲಿ ಮಾತ್ರ ಇರುವೆಯನ್ನೂ ತುಳಿಯದೆ ದಾಟುವ ಮನುಷ್ಯ. ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ತೆಗೆಯಲು ಅಕ್ಕನನ್ನೇ ಕರೆಯುತ್ತಿದ್ದ. ನಾನು ಅಳುವುದನ್ನು ಅವನ ಕೈಲಿ ನೋಡಲಾಗುತ್ತಿರಲಿಲ್ಲ.

ಸಂಕ್ರಾಂತಿ ಬಂತೆಂದರೆ ಊರಿಗೆಲ್ಲ ಹಬ್ಬ, ಅಪ್ಪನಿಗೆ ಸೈಕಲ್ಲು. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬಾಳೆಲೆಯ ಮೇಲೆ ಪೊಂಗಲ್ ಇಟ್ಟು ತಿನ್ನಿಸುವುದು ನಮ್ಮ ಕಡೆಯ ಪದ್ಧತಿ. ಪ್ರೀತಿ ಉಕ್ಕಿ ಒಂದು ಎಲೆ ಎರಡಾಗುತ್ತಿತ್ತು, ಎರಡು ಐದಾಗುತ್ತಿತ್ತು. ಹುಲ್ಲು ಅರಗಿಸುವ ಹೊಟ್ಟೆಗೆ ಅಷ್ಟು ಅನ್ನ ಬಿದ್ದರೆ ಅದು ಒಳಗೇ ಹುಳಿಯುತ್ತದೆ, ಗಾಳಿ ಕಟ್ಟುತ್ತದೆ, ಹೊಟ್ಟೆ ಉಬ್ಬಿ ಉಸಿರು ನಿಲ್ಲುತ್ತದೆ. ಹಬ್ಬಕ್ಕೆ ವಾರ ಮುಂಚೆಯೇ ಅಪ್ಪ ಮನೆಮನೆಗೂ ಹೋಗಿ, “ಒಂದ್ ಹಿಡಿ ಕೊಟ್ರೆ ಪೂಜೆ ಕಣಪ್ಪ, ಒಂದ್ ಗುಡಾಣ ಕೊಟ್ರೆ ಕೊಲೆ” ಎಂದು ಹೇಳಿ ಬರುತ್ತಿದ್ದ. ಎಲ್ಲರೂ ತಲೆ ಆಡಿಸುತ್ತಿದ್ದರು. ಹಬ್ಬದ ದಿನ ಎಲ್ಲರೂ ಮರೆಯುತ್ತಿದ್ದರು.

ನಮ್ಮ ಮನೆಯಲ್ಲೂ ಒಂದು ಹಸು ಇತ್ತು, ಕೆಂಪಿ. ಆ ವರ್ಷ ಅದು ತುಂಬು ಗಬ್ಬ, ಇನ್ನು ಮೂರು ವಾರಕ್ಕೆ ಕರು ಹಾಕುವುದಿತ್ತು. ನನಗೆ ಎಂಟು ವರ್ಷ. ಶಾಲೆಯಿಂದ ಬಂದ ಕೂಡಲೇ ಅದರ ಮುಂದೆ ಕೈ ಚಾಚುತ್ತಿದ್ದೆ, ಅದು ತನ್ನ ಒರಟು ನಾಲಗೆಯಿಂದ ಮೊಣಕೈವರೆಗೂ ನೆಕ್ಕುತ್ತಿತ್ತು. ಆ ಬೆಳಿಗ್ಗೆ ಅಪ್ಪ ಕೆಂಪಿಗೆ ಒಂದೇ ಒಂದು ಹಿಡಿ ಪೊಂಗಲ್ ತಿನ್ನಿಸಿ, ಕೈ ತೊಳೆದುಕೊಂಡು, ಸುತ್ತಲ ಹಳ್ಳಿಗಳ ದನ ನೋಡಲು ಸೈಕಲ್ ಹತ್ತಿ ಹೊರಟುಬಿಟ್ಟ. ಎಂಥ ಜಿಪುಣ ಅಪ್ಪ ಎಂದು ನನಗೆ ಸಿಟ್ಟು ಬಂತು.

ಹತ್ತು ಗಂಟೆಗೆ ಅಮ್ಮ ಒಂದು ಡಬರಿ ತುಂಬ ಪೊಂಗಲ್ ಹಾಕಿ, ಪಕ್ಕದ ಮನೆಗೆ ಕೊಟ್ಟು ಬಾ ಎಂದಳು. ಹಾಗೆ ಏಳು ಮನೆಗೆ ಹಂಚುವುದಿತ್ತು. ಮೊದಲ ಮನೆಗೆ ಬೀಗ. ಎಲ್ಲರೂ ಕೆರೆಗೆ ಎತ್ತು ತೊಳೆಯಲು ಹೋಗಿದ್ದರು. ತುಪ್ಪ ಬೆಲ್ಲದ ವಾಸನೆಗೆ ಕೊಟ್ಟಿಗೆಯಿಂದ ಕೆಂಪಿ ‘ಅಂಬಾ’ ಎಂದಿತು. ನಾನು ಡಬರಿಯನ್ನು ಅದರ ಬಾನಿಗೆ ಸುರಿದೆ. ಖಾಲಿ ಡಬರಿ ಹಿಡಿದು ಒಳಗೆ ಹೋದರೆ ಅಮ್ಮ ಮತ್ತೆ ತುಂಬಿ ಕೊಟ್ಟಳು. ನಾನು ಮುಂಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿ, ಮತ್ತೆ ಕೊಟ್ಟಿಗೆಗೆ ಬಂದೆ. ಏಳು ಸಲ ಹೋದೆ, ಏಳು ಡಬರಿಯೂ ಕೆಂಪಿಯ ಹೊಟ್ಟೆಗೆ. ಅಪ್ಪನ ಜಿಪುಣತನಕ್ಕೆ ತಕ್ಕ ಶಾಸ್ತಿ ಮಾಡಿದೆನೆಂದು ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು.

ಹೊತ್ತು ಇಳಿದಾಗ ಬೀದಿಯಲ್ಲಿ ಕಿಚ್ಚು ಹಾಯಿಸಲು ಹುಲ್ಲು ಹರಡುತ್ತಿದ್ದರು. ಅಷ್ಟರಲ್ಲಿ ಅಕ್ಕ ಕೊಟ್ಟಿಗೆಯಿಂದ ಕಿರುಚಿದಳು. ಓಡಿ ಹೋಗಿ ನೋಡಿದರೆ, ಅದು ನಮ್ಮ ಕೆಂಪಿಯೇ ಅಲ್ಲ! ಎಡಗಡೆ ಹೊಟ್ಟೆ ಬೆನ್ನಿಗಿಂತ ಮೇಲಕ್ಕೆ ಉಬ್ಬಿತ್ತು. ಕತ್ತು ಚಾಚಿ, ನಾಲಗೆ ಹೊರಗೆ ಹಾಕಿ, ಗೋಡೆಗೆ ಒರಗಿ ಏದುಸಿರು ಬಿಡುತ್ತಿತ್ತು. ಬೆಳಿಗ್ಗೆ ಹಚ್ಚಿದ ಅರಿಶಿನ ಬೆವರಿಗೆ ಇಳಿದಿತ್ತು.

ಹಳ್ಳಿಗಳನ್ನು ಸುತ್ತಿ ದಣಿದು ಬಂದ ಅಪ್ಪ ಸೈಕಲ್ಲನ್ನು ಅಂಗಳದಲ್ಲೇ ಬೀಳಿಸಿ ಓಡಿ ಬಂದ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಬೆರಳಿನಿಂದ ತಟ್ಟಿದ. ತಮಟೆಯ ಸದ್ದು ಬಂತು. ಪಕ್ಕದ ಮನೆಯ ಮಾವ, “ಊರ್ಗೆಲ್ಲಾ ಬುದ್ಧಿ ಹೇಳೋ ಕಾಂಪೌಂಡ್ರು ಮನೇಲೇ ಹಿಂಗಾಗೋಯ್ತಲ್ಲಾ!” ಎಂದ. ದೀಪದ ಬುಡ ಕತ್ತಲೆ ಎನ್ನುವುದು ಅವತ್ತು ನಮ್ಮ ಮನೆಗೇ ಸರಿಹೊಂದಿತ್ತು. ಅಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಯಾರ್ ಏನ್ ಕೊಟ್ರಿ? ಎಷ್ಟ್ ಕೊಟ್ರಿ?” ಎಂದು ಮಾತ್ರ ಕೇಳಿದ.

“ನಾನೇನೂ ಕೊಟ್ಟಿಲ್ಲ ಕಣ್ರಿ, ದೇವ್ರಾಣೆ,” ಅಂದಳು ಅಮ್ಮ. ಅಕ್ಕ ಒಂದು ತುತ್ತು ಎಂದಳು. ಅಪ್ಪ ನನ್ನ ಕಡೆ ನೋಡಿದ. ನಾನು ಸೂರಿನ ಕಡೆ ನೋಡಿದೆ.

“ಹಸಾ ಬಾಯ್ಬಿಟ್ಟು ಹೇಳಕ್ಕಿಲ್ಲ ಕಣವ್ವ. ನಾವೇ ಹೇಳ್ಬೇಕು.” ಅಪ್ಪನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ.

ಅಪ್ಪ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ಹುಯ್ದ. ತೇಗು ಬರಲೆಂದು ಬೇವಿನ ಕಡ್ಡಿಯನ್ನು ಬಾಯಿಗೆ ಅಡ್ಡಲಾಗಿ ಕಟ್ಟಿ ಅಗಿಯಲು ಬಿಟ್ಟ. ಮುಂಗಾಲುಗಳನ್ನು ದಿಣ್ಣೆಯ ಮೇಲೆ ನಿಲ್ಲಿಸಿ ಹೊಟ್ಟೆ ನೀವಿದ. ತೇಗು ಬರಲಿಲ್ಲ. ಕೆಂಪಿಯ ಮಂಡಿ ಕುಸಿಯತೊಡಗಿತು. “ಬಿದ್ರೆ ಮುಗೀತು. ಒಳಗಡೆ ಕರೂನೂ ಹೋಯ್ತದೆ,” ಎಂದ ಅಪ್ಪ. ಮಾವ ಅದಕ್ಕೆ ಭುಜ ಕೊಟ್ಟು ನಿಂತ.

ಆಮೇಲೆ ಅಪ್ಪ ಚೀಲದಿಂದ ಅದನ್ನು ತೆಗೆದ. ಹಿಡಿ ಇರುವ, ಹೆಬ್ಬೆರಳು ದಪ್ಪದ, ಚೂಪಾದ ಉಕ್ಕಿನ ಮೊಳೆ. ಮೊಳೆಯ ಸುತ್ತ ಬಿಗಿಯಾಗಿ ಕೂತ ಒಂದು ಕೊಳವೆ. ಚುಚ್ಚುವುದು ಡಾಕ್ಟರ ಕೆಲಸ. ಅಪ್ಪ ಅದನ್ನು ಕುದಿಸಿ ಅವರ ಕೈಗೆ ಕೊಟ್ಟಿದ್ದು ಲೆಕ್ಕವಿಲ್ಲದಷ್ಟು ಸಲ, ತಾನು ಚುಚ್ಚಿದ್ದು ಒಂದು ಸಲವೂ ಇಲ್ಲ. ಡಾಕ್ಟರು ಹಬ್ಬಕ್ಕೆ ತಮ್ಮೂರಿಗೆ ಹೋಗಿದ್ದರು. ಅಪ್ಪ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಗೇಣು ಹಾಕಿ ಅಳೆದು, ಕೂದಲು ಬೋಳಿಸಿ, ಅಯೋಡಿನ್ ಹಚ್ಚಿ, ಕೈ ಎತ್ತಿದ.

ಇರುವೆ ತುಳಿಯದ ನಮ್ಮಪ್ಪ ಕೆಂಪಿಯನ್ನು ತಿವಿದು ಕೊಲ್ಲುತ್ತಿದ್ದಾನೆ! ನನಗೆ ಕಂಡದ್ದು ಅಷ್ಟೇ. “ಅಪ್ಪಾ, ಬ್ಯಾಡ! ನಾನೇ ಹಾಕಿದ್ದು! ಏಳು ಡಬರಿ ಪೊಂಗಲ್ ಹಾಕ್ಬುಟ್ಟೆ! ಅದನ್ನ ಕೊಲ್ಬ್ಯಾಡ, ನನ್ನೇ ಚುಚ್ಚು!” ಎಂದು ಅವನ ಎಡಗೈಗೆ ಜೋತುಬಿದ್ದು ಮಣಿಕಟ್ಟನ್ನು ಕಚ್ಚಿಬಿಟ್ಟೆ.

ಅಪ್ಪ ಕೈ ಕೊಡವಲಿಲ್ಲ. ಅಮ್ಮನ ಕಡೆ ತಿರುಗಿ, “ಅಡುಗೆ ಸೋಡ ನೀರಲ್ಲಿ ಕದಡು, ಬಿರ್ರನೆ,” ಎಂದ. ಆಮೇಲೆ ನನಗೆ, “ಕಚ್ಕೊಂಡಿರು ಕಣವ್ವ. ಕೈ ಮಾತ್ರ ಅಲ್ಲಾಡಿಸ್ಬ್ಯಾಡ,” ಎಂದ. ‘ಟಪ್’ ಎಂದು ಸದ್ದಾಯಿತು. ಮೊಳೆಯನ್ನು ಎಳೆದುಕೊಂಡ, ಕೊಳವೆ ಒಳಗೇ ಉಳಿಯಿತು. ಕೊಳವೆಯಿಂದ ‘ಬುಸ್ಸ್’ ಎಂದು ಗಾಳಿ ನುಗ್ಗಿತು. ಹುಳಿ ಹಿಟ್ಟು ಕೊಳೆತಂಥ ವಾಸನೆಗೆ ನಾನು ಬಾಯಿ ಬಿಟ್ಟು ಹಿಂದಕ್ಕೆ ಬಿದ್ದೆ. ಗಾಳಿಯೆಲ್ಲ ಒಮ್ಮೆಗೇ ಹೋದರೆ ಹಸು ಕುಸಿದುಬಿಡುತ್ತದಂತೆ. ಅಪ್ಪ ಹೆಬ್ಬೆರಳಿನಿಂದ ಕೊಳವೆ ಮುಚ್ಚಿ, ಸ್ವಲ್ಪ ಬಿಟ್ಟು, ಮತ್ತೆ ಮುಚ್ಚಿ, ಬಹಳ ಹೊತ್ತು ಹಾಗೇ ನಿಂತಿದ್ದ. ಹೊಟ್ಟೆ ಇಳಿಯುತ್ತಾ ಬಂತು. ಕೆಂಪಿ ನಾಲಗೆಯನ್ನು ಒಳಗೆಳೆದುಕೊಂಡಿತು. ಆಗ ಸೋಡದ ನೀರನ್ನು ಗೊಟ್ಟದಲ್ಲಿ ಹುಯ್ದ, ಒಂದು ತೊಟ್ಟೂ ಚೆಲ್ಲದೆ.

ಎಲ್ಲ ಮುಗಿದ ಮೇಲೆ ಅಪ್ಪ ಬಾವಿಕಟ್ಟೆಯ ಮೇಲೆ ಕೂತ. ಅಕ್ಕ ನೀರಿನ ಲೋಟ ಕೊಟ್ಟರೆ ಹಿಡಿಯಲಾಗಲಿಲ್ಲ. ಎರಡು ಕೈಯೂ ಗಡಗಡ ನಡುಗುತ್ತಿದ್ದವು. ಆ ದಿನ ಕಂಡದ್ದರಲ್ಲೆಲ್ಲ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಅದೇ. ಅಪ್ಪನಿಗೂ ಭಯವಾಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವನು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, “ನೀನು ಬಾಯ್ಬಿಡ್ದೇ ಇದ್ದಿದ್ರೆ ಗಾಳಿ ತೆಗ್ದು ಸುಮ್ನಾಗಿರ್ತಿದ್ದೆ, ಸೋಡ ಹುಯ್ತಿರ್ಲಿಲ್ಲ. ಬೆಳಗಾಗೋ ಹೊತ್ಗೆ ಅನ್ನದ ಹುಳಿ ಅದನ್ನ ಕೊಂದಿರೋದು,” ಎಂದ. ಬೈಯಲೇ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮೂರನೆಯ ದಿನ ಕೆಂಪಿ ಮೆಲುಕು ಹಾಕಿತು. ಡಾಕ್ಟರು ಬಂದು ಅದರ ಗಾಯ ನೋಡಿದರು, ಅಪ್ಪನ ಮಣಿಕಟ್ಟನ್ನೂ ನೋಡಿ, “ಇದನ್ಯಾವ ಪ್ರಾಣಿ ಕಚ್ಚಿದ್ದು?” ಎಂದು ಕೇಳಿದರು. ಮುಂದಿನ ತಿಂಗಳು ಹೆಣ್ಣು ಕರು ಹುಟ್ಟಿತು.

ಈಗ ಹಳ್ಳಿಯಲ್ಲಿ ಫೋನ್ ಮಾಡಿದರೆ ಔಷಧಿಯ ಗಾಡಿಯೇ ಕೊಟ್ಟಿಗೆಗೆ ಬರುತ್ತದೆ. ಪೇಟೆಯಲ್ಲಿ, ಆಲಸನತ್ತಂನ ನಿಮ್ಮ ಮನೆಯಲ್ಲಿ ಕೊಟ್ಟಿಗೆಯಿಲ್ಲ, ಸೋಫಾದ ಮೇಲೆ ಮಲಗುವ ಟಾಮಿ ಇದ್ದಾನೆ. ಕಳೆದ ತಿಂಗಳು ನಿನ್ನ ಹುಟ್ಟುಹಬ್ಬದ ಸಂಜೆ ಅವನು ವಾಂತಿ ಮಾಡಿಕೊಂಡು ನಡುಗುತ್ತಿದ್ದಾಗ ಎಲ್ಲರೂ ಪ್ರಾಣಿಗಳ ಆಸ್ಪತ್ರೆಗೆ ಓಡಿದೆವಲ್ಲ? ನೀಲಿ ಬಟ್ಟೆಯ ಆ ನರ್ಸ್ ಹುಡುಗಿ ಅವನ ಕಾಲಿನ ನರವನ್ನು ಒಂದೇ ಸಲಕ್ಕೆ ಹಿಡಿದು ಸೂಜಿ ಹಾಕಿದಳು. ಅವಳಿಗೆ ಗಾಜಿನ ಸಿರಿಂಜು ಕುದಿಸುವ ಕೆಲಸವಿಲ್ಲ, ಬಿದಿರಿನ ಗೊಟ್ಟ ಅವಳು ಕಂಡೂ ಇರಲಿಕ್ಕಿಲ್ಲ. ಆದರೆ ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಅವಳು ಕೇಳಿದ್ದು ಅದೇ ಮಾತು: “ಏನ್ ಕೊಟ್ರಿ? ಎಷ್ಟ್ ಕೊಟ್ರಿ?”

ನಿಮ್ಮಪ್ಪ ಏನೂ ಇಲ್ಲ ಅಂದ. ನಿಮ್ಮಮ್ಮ ಎರಡು ಬಿಸ್ಕತ್ತು ಅಂದಳು. ನೀನು ಸೂರಿನ ಕಡೆ ನೋಡಿದೆ.

ಅಲ್ಲಿನ ಯಂತ್ರ ಟಾಮಿಯ ಎದೆಬಡಿತ ತೋರಿಸಿತು, ಹೊಟ್ಟೆಯೊಳಗನ್ನೂ ತೋರಿಸಿತು. ಅವನು ತಿಂದದ್ದು ಏನು, ಎಷ್ಟು ಎಂದು ಮಾತ್ರ ಅದಕ್ಕೆ ಹೇಳಲಾಗಲಿಲ್ಲ. ನಾನು ನಿನ್ನ ಪಕ್ಕ ಕೂತು ನನ್ನ ಮಣಿಕಟ್ಟನ್ನು ನಿನ್ನ ಮುಂದೆ ಚಾಚಿ, “ಬೇಕಾದ್ರೆ ಕಚ್ಕೋ ಕಣಪ್ಪ, ಆದ್ರೆ ಹೇಳ್ಬುಡು,” ಎಂದಾಗ ಅಜ್ಜಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡಿದೆ. ಆಮೇಲೆ ಅಳುತ್ತಾ ಹೇಳಿದೆ, ಅರ್ಧ ಚಾಕಲೇಟ್ ಕೇಕು ಎಂದು. ನಾಯಿಗೆ ಚಾಕಲೇಟ್ ವಿಷವಂತೆ. ಆ ಹುಡುಗಿ ಬೈಯಲಿಲ್ಲ. ಡಾಕ್ಟರನ್ನು ಕೂಗಿ, ಆಗಲೇ ಬೇರೆ ಔಷಧಿಯ ಬಾಟಲಿಗೆ ಕೈ ಹಾಕಿದ್ದಳು.